ಬೆಳಕಿಂಡಿಯ ಕೆಳಗೆ ಮೂವತ್ತೆಂಟು ದಿನ

ನನ್ನ ಗಡ್ಡ ನನ್ನದಲ್ಲ ಎಂದು ನನಗೆ ಗೊತ್ತಾದದ್ದು ಶೂಟಿಂಗಿನ ಇಪ್ಪತ್ತೊಂಬತ್ತನೆಯ ದಿನ, ಒಂದು ಮಂಗಳವಾರ. ಸಿಂದಗಿಯಿಂದ ನಮ್ಮಣ್ಣ ಎರಡು ಬಸ್ಸು ಬದಲಿಸಿ ತಂಗಡಗಿಗೆ ಬಂದು, ಚಪ್ಪಲಿ ಬಿಡುವ ಮೊದಲೇ ಜೇಬಿನಿಂದ ಒಂದು ಕಾಗದ ತೆಗೆದು ನನ್ನ ಕೈಗಿಟ್ಟ. ರೇಡಿಯೋದವರ ಕಾಗದ. ಧ್ವನಿ ಪರೀಕ್ಷೆಗೆ ಬಾ ಎಂದು ಬರೆದಿದ್ದರು. ಎರಡು ಸಲ ಅರ್ಜಿ ಹಾಕಿದಾಗ ಉತ್ತರವೇ ಬಂದಿರಲಿಲ್ಲ. ಮೂರನೆಯದಕ್ಕೆ ಕರೆ.

"ಮುಂದಿನ ವಾರ ಶುಕ್ರವಾರ ಹತ್ತು ಗಂಟೆಕ್ಕ ಧಾರವಾಡದಾಗ ಇರಬೇಕು," ಅಂದ ಅಣ್ಣ. "ಬರೂಮುಂದ ಮೋತಿ ನೆಟ್ಟಗ ಮಾಡ್ಕೊಂಡು ಬಾ. ಕುಣಿಯೊಳಗಿಂದ ಎದ್ದು ಬಂದಾವನಂಗ ಕಾಣಾಕತ್ತಿ."

"ರೇಡಿಯೋದಾಗ ಮೋತಿ ಕಾಣಂಗಿಲ್ಲಣ್ಣ."

"ಅದ ನಿನ್ನ ಪುಣ್ಯ."

ನಾಳೆಯೇ ಹಜಾಮನನ್ನು ಕರೆಸುತ್ತೇನೆ ಎಂದು ನಾನು ಹೇಳಿದ್ದೇ ತಡ, ಎರಡು ಕೋಣೆಗಳಾಚೆ ಕ್ಯಾಮೆರಾದ ಹಿಂದೆ ಬಾಗಿದ್ದ ಛಾಯಾಗ್ರಾಹಕ ತಲೆ ಎತ್ತಿದ.

"ಗಡ್ಡ ಚಿತ್ರದ್ದು. ಮುಟ್ಟಬೇಡ."

ಗಡ್ಡವಷ್ಟೇ ಅಲ್ಲ, ಕೂದಲು ಚಿತ್ರದ್ದು, ಉಗುರಿನ ಮಣ್ಣು ಚಿತ್ರದ್ದು, ತೋಳು ಹರಿದ ಅಂಗಿ ಚಿತ್ರದ್ದು. ಮೊದಲ ದಿನ ಹೇಗಿದ್ದೆನೋ ಅದಕ್ಕಿಂತ ದಿನಕ್ಕೊಂದು ಗುಲಗಂಜಿಯಷ್ಟು ಕೆಡುತ್ತಾ ಹೋಗುವುದು ನನ್ನ ಕೆಲಸ. ಬೇರೆಯವರೆಲ್ಲ ಮುದ್ದೇಬಿಹಾಳದ ಬಂಗಲೆಯಲ್ಲಿ ಫ್ಯಾನಿನ ಕೆಳಗೆ ಮಲಗುತ್ತಿದ್ದರು. ನನಗೆ ಮಾತ್ರ ಆ ಮನೆಯಲ್ಲೇ, ಆ ಕೋಣೆಯಲ್ಲೇ ಹಾಸಿಗೆ. ಮುದ್ದೇಬಿಹಾಳಕ್ಕೆ ಬಿಟ್ಟರೆ ನಾಲ್ಕು ಜನ ಸೇರುತ್ತಾರೆ, ಸೇರಿದರೆ ಇವನು ನಗುತ್ತಾನೆ, ನಕ್ಕರೆ ಮುಖ ಬದಲಾಗುತ್ತದೆ ಎಂದು ಛಾಯಾಗ್ರಾಹಕ ನಿರ್ದೇಶಕರಿಗೆ ಹೇಳಿದ್ದನಂತೆ.

ನಿರ್ದೇಶಕರು ಮೈಸೂರು ಕಡೆಯವರು, ದೊಡ್ಡ ದೇಹ, ದೊಡ್ಡ ಗಂಟಲು, ಮೃದು ಮನುಷ್ಯ. ಕಾಗದ ಓದಿ ನನ್ನ ಭುಜ ತಟ್ಟಿದರು. "ಮುಂದಿನ ಬುಧವಾರಕ್ಕೆ ಎಲ್ಲಾ ಮುಗ್ಸಿಬಿಡ್ತೀವಿ ಕಣಪ್ಪ. ಗುರುವಾರ ಮಧ್ಯಾಹ್ನ ನೀನು ಬಸ್ಸಲ್ಲಿ. ನನ್ ಮಾತು."

ಅವರ ಮಾತಿನ ಬಗ್ಗೆ ನನಗೆ ಅನುಮಾನವಿರಲಿಲ್ಲ. ಆದರೆ ಆ ಚಿತ್ರದಲ್ಲಿ ಅವರ ಮಾತು ನಡೆಯುತ್ತಿರಲಿಲ್ಲ, ಅದೇ ತೊಡಕು.

ನಾನು ಅಲ್ಲಿ ಸಿಕ್ಕಿಬಿದ್ದದ್ದು ಹೇಗೆಂದರೆ, ನನ್ನ ಬಾಯಿಯಿಂದ. ಸಿಂದಗಿಯಲ್ಲಿ ಡೇರೆ ಸಿನಿಮಾದ ಪ್ರಚಾರ ನನ್ನದು. ಜಟಕಾದಲ್ಲಿ ಮೈಕು ಹಿಡಿದು ಕೂತು, ನಾಯಕನಾಗಿ ಗುಡುಗಿ, ನಾಯಕಿಯಾಗಿ ಅತ್ತು, ಖಳನಾಗಿ ನಕ್ಕು, ನಡುನಡುವೆ ಇಂಡಿ ಬಸ್ಸಿನ ಕಂಡಕ್ಟರನಾಗಿ "ಯಂಕಂಚಿಯವ್ರು ಇಳೀರಿ" ಎಂದೂ ಕೂಗುತ್ತಿದ್ದೆ. ಊರಲ್ಲಿ ನಾನು ಅಣಕಿಸದ ಮನುಷ್ಯನಿರಲಿಲ್ಲ. ಕನ್ನಡಿಯಲ್ಲಿ ನನ್ನನ್ನೂ ಅಣಕಿಸಿಕೊಳ್ಳುತ್ತಿದ್ದೆ. ಅದೊಂದು ಮಾತ್ರ ಅಷ್ಟಾಗಿ ಹೋಲುತ್ತಿರಲಿಲ್ಲ.

ಈ ನಿರ್ದೇಶಕರ ಹಿಂದಿನ ಎರಡು ಚಿತ್ರಗಳು ಡೇರೆಗೆ ಬಂದಿದ್ದವು. ಹತ್ತತ್ತು ಸಲ ನೋಡಿದ್ದೆ. ಅವುಗಳಲ್ಲಿ ಅಮಾವಾಸ್ಯೆಯ ಕತ್ತಲಲ್ಲೂ ನಾಯಕಿಯ ಮೂಗುತಿ ಫಳಫಳ ಹೊಳೆಯುತ್ತಿತ್ತು. ಗುಡಿಸಲಿನಲ್ಲಿ ಇರುವುದು ಒಂದೇ ಚಿಮಣಿ ಬುಡ್ಡಿಯಾದರೂ ಪ್ರತಿಯೊಬ್ಬರಿಗೂ ಮೂರು ಮೂರು ನೆರಳು. ಯಾರಿಗಾದರೂ ಕೆಟ್ಟ ಸುದ್ದಿ ಬಂದರೆ ಸಾಕು, ದೂರದಲ್ಲಿದ್ದ ಕ್ಯಾಮೆರಾ ಹಸಿದ ಎಮ್ಮೆಯಂತೆ ನುಗ್ಗಿ ಬಂದು ಅವರ ಮೂಗಿನ ಮುಂದೆ ನಿಲ್ಲುತ್ತಿತ್ತು. ಅದಕ್ಕೆ ಜೂಮ್ ಎನ್ನುತ್ತಾರೆಂದು ಗೊತ್ತಿರಲಿಲ್ಲ, ಆದರೆ ಅಣಕಿಸಲು ಹೆಸರು ಬೇಕೆ? ಕತ್ತು ಹಿಂದಕ್ಕೆಳೆದು, ಕಣ್ಣು ಅರಳಿಸಿ, ಬಾಯಲ್ಲೇ "ಢಣ್" ಎಂದು ಬಾರಿಸಿ, ಎದುರಿನವನ ಮೂಗಿಗೆ ಮೂಗು ತಗಲುವಂತೆ ಮುಖ ಒಯ್ದು ನಿಲ್ಲಿಸುತ್ತಿದ್ದೆ. ಸಿಂದಗಿ ಬಸ್ ಸ್ಟ್ಯಾಂಡಿನೆದುರು ಒಂದು ದಿನ ಹೀಗೆ ಮಾಡುತ್ತಿರುವಾಗ ಪಕ್ಕದಲ್ಲೊಂದು ಜೀಪು ನಿಂತಿತು.

"ಯಾರನ್ನಯ್ಯಾ ಮಾಡ್ತಿರೋದು?" ಎಂದು ಮುಂದಿನ ಸೀಟಿನ ದೊಡ್ಡ ದೇಹ ಕೇಳಿತು.

"ಈ ಪಿಚ್ಚರ್ ತಗದಾವನ್ನರಿ. ಅವಂಗ ಕಣ್ಣು ಮಂಜು ಇರಬೇಕ್ರಿ. ಎಲ್ಲಾರ ಮೋತಿ ಹತ್ರ ಹೋಗೇ ನೋಡ್ತಾನ."

"ತೆಗೆದಿದ್ದು ನಾನೇ."

ಜೀಪಿನ ಹಿಂದೆ, ಪೆಟ್ಟಿಗೆಗಳ ನಡುವೆ ಕೂತಿದ್ದ ತೆಳ್ಳನೆಯ ಒಬ್ಬಾತ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನೇ ಛಾಯಾಗ್ರಾಹಕ. ನನಗಿಂತ ಏಳೆಂಟು ವರ್ಷ ದೊಡ್ಡವನು, ಪುಣೆಯಲ್ಲಿ ಕಲಿತು ಬಂದವನು. ಶೂಟಿಂಗಿನ ಮೂವತ್ತೆಂಟು ದಿನಗಳಲ್ಲಿ ಅವನು ನಕ್ಕಿದ್ದನ್ನು ಮತ್ತೆ ನೋಡಲಿಲ್ಲ.

ಅವರ ಹೊಸ ಚಿತ್ರದ ಕತೆ ನನಗೇ ಅಳತೆ ತೆಗೆದು ಹೊಲಿದಂತಿತ್ತು. ಊರ ಗೌಡರನ್ನು ನಾಲ್ಕು ಜನರ ಮುಂದೆ ಅಣಕಿಸಿದ ತಮ್ಮನನ್ನು, ಇನ್ನೇನು ಗತಿಯೋ ಎಂದು ಹೆದರಿದ ಅಣ್ಣ ಕೋಣೆಯಲ್ಲಿ ಕೂಡಿಹಾಕುತ್ತಾನೆ. ತಮ್ಮ ಒಳಗಿನಿಂದಲೇ ಮಾತಾಡಿ ಮಾತಾಡಿ ಎಲ್ಲರನ್ನೂ ನಗಿಸಿ, ಅಳಿಸಿ, ಕೊನೆಗೆ ಹೊರಬರುತ್ತಾನೆ. ಪುಟಗಟ್ಟಲೆ ಮಾತು. ತಮ್ಮನ ಪಾತ್ರ ನನಗೆ. ಸಿಂದಗಿಯಲ್ಲಿ ನಾನು ಈ ಸುದ್ದಿಯನ್ನು ಮನೆಮನೆಗೆ ಮುಟ್ಟಿಸಿದೆ, ಮೈಕಿಲ್ಲದೆಯೇ.

ಮನೆ ಹುಡುಕಲು ನನ್ನನ್ನೂ ಕರೆದುಕೊಂಡು ಹೋದರು. ಇಂಡಿಯಲ್ಲಿ ಒಂದು ಮನೆ ನಿರ್ದೇಶಕರಿಗೆ ಬಹಳ ಹಿಡಿಸಿತು. ಛಾಯಾಗ್ರಾಹಕ ಮಾಳಿಗೆ ನೋಡಿ, "ಬೆಳಕಿಂಡಿ ಎರಡಿವೆ" ಎಂದು ಹೊರಬಂದ. ಸಿಂದಗಿಯ ಒಂದು ಮನೆಯಲ್ಲಿ ಬೆಳಕಿಂಡಿ ಒಂದೇ, ಆದರೆ ಅದಕ್ಕೆ ಗಾಜು ಹಾಕಿಸಿದ್ದರು. ಬಸವನ ಬಾಗೇವಾಡಿಯ ಮನೆಗೆ ಅದೇ ಯುಗಾದಿಗೆ ಸುಣ್ಣ ಬಳಿದಿದ್ದರು. ದೇವಣಗಾಂವದಲ್ಲಿ ಜೀಪಿನಿಂದ ಇಳಿಯಲೂ ಇಲ್ಲ. ಕೊನೆಗೆ ತಂಗಡಗಿಯಲ್ಲಿ, ಹೊಳೆಯಿಂದ ಒಂದು ಕೂಗಿನಷ್ಟು ದೂರದಲ್ಲಿ, ಈ ಮನೆ. ನಡುಕೋಣೆಗೆ ಕಿಟಕಿಯಿಲ್ಲ. ಮಣ್ಣಿನ ಮಾಳಿಗೆಯಲ್ಲಿ ಊಟದ ತಟ್ಟೆಯಷ್ಟಗಲದ ಒಂದೇ ಒಂದು ಬೆಳಕಿಂಡಿ. ಗೋಡೆಗಳು ತಲೆಮಾರುಗಳ ಒಲೆಯ ಹೊಗೆ ಕುಡಿದು ಕರಿ ಬೆಲ್ಲದ ಬಣ್ಣಕ್ಕೆ ತಿರುಗಿದ್ದವು. ಛಾಯಾಗ್ರಾಹಕ ನೆಲದ ಮೇಲೆ ಅಂಗಾತ ಮಲಗಿ ಆ ಬೆಳಕಿಂಡಿಯನ್ನೇ ಒಂದು ಗಂಟೆ ನೋಡಿದ.

"ಲೈಟುಗಳನ್ನ ವಾಪಸ್ ಕಳಿಸಿ," ಅಂದ ಎದ್ದು.

"ವಾಪಸ್ಸಾ! ಲಾರಿ ತುಂಬಾ ತಂದಿದೀವಲ್ಲಯ್ಯಾ!"

"ಇದೊಂದೇ ಸಾಕು."

"ಮುಖವೇ ಕಾಣಲ್ಲ ಕಣಯ್ಯಾ."

"ಕಾಣದಿದ್ರೆ ನೋಡ್ತಾರೆ."

"ಜೂಮ್ ಲೆನ್ಸಾದ್ರೂ ಇದೆಯೋ ಇಲ್ವೋ?"

"ಬೆಂಗಳೂರಲ್ಲಿ ಮರೆತು ಬಂದೆ," ಎಂದ ಅವನು, ಸ್ವಲ್ಪವೂ ಮರೆತವನಂತೆ ಕಾಣದೆ.

ಆವತ್ತು ನಾನು ಇದೊಂದು ತಮಾಷೆ ಎಂದುಕೊಂಡೆ. ಒಬ್ಬ ಮನುಷ್ಯ ಒಂದು ತೂತನ್ನು ನಂಬಿಕೊಂಡು ಸಿನಿಮಾ ತೆಗೆಯಹೊರಟರೆ ಅದರ ಬೆಲೆ ತೆರುವವನು ಆ ತೂತಿನ ಕೆಳಗೆ ಕೂರುವವನು ಎಂದು ಹೊಳೆಯಲಿಲ್ಲ.

ಲೆಕ್ಕ ಇಷ್ಟು. ಹನ್ನೊಂದೂವರೆಗೆ ಬಿಸಿಲಿನ ತುಂಡೊಂದು ಪಡುವಣ ಗೋಡೆಯ ಬುಡದ ಬೀಸುವ ಕಲ್ಲಿನ ಮೇಲೆ ಇಳಿಯುತ್ತದೆ. ನೆಲದ ಮೇಲೆ ತೆವಳುತ್ತಾ ಹನ್ನೆರಡೂ ಕಾಲರ ಸುಮಾರಿಗೆ ಕೋಣೆಯ ನಡುವಿಗೆ ಬರುತ್ತದೆ. ಈ ನಡುವೆ ನಮ್ಮ ಕೆಲಸ. ಮುಂದೆ ಅದು ಕಂಬ ದಾಟಿದರೆ ಮುಗಿಯಿತು, ಆ ದಿನದ ಕೆಲಸಕ್ಕೆ ಮಂಗಳ. ದಿನಕ್ಕೆ ಮುಕ್ಕಾಲು ಗಂಟೆ. ಅದರಲ್ಲಿ ಒಂದು ಮೋಡ, ಒಂದು ಕೆಮ್ಮು, ಒಂದು ಮೇಕೆ ಬಂದರೆ ಅದೂ ಇಲ್ಲ. ಉಳಿದ ಇಪ್ಪತ್ಮೂರು ಕಾಲು ಗಂಟೆ ನಾನು ಕಾಯಬೇಕು, ಕೆಡುತ್ತಾ.

ಮೂರನೆಯ ದಿನ ನನ್ನ ಮೊದಲ ದೊಡ್ಡ ಮಾತಿನ ದೃಶ್ಯ. ಬಿಸಿಲು ಬಿತ್ತು, ಕ್ಯಾಮೆರಾ ಟರ್ರ್ ಎಂದಿತು. ಆ ಕ್ಯಾಮೆರಾ ಸಜ್ಜೆ ಬೀಸುವ ಕಲ್ಲಿನಷ್ಟು ಸದ್ದು ಮಾಡುತ್ತಿದ್ದುದರಿಂದ ಧ್ವನಿಯನ್ನು ಆಮೇಲೆ ಮದ್ರಾಸಿನಲ್ಲಿ ಕೂರಿಸುವುದು ಎಂದಾಗಿತ್ತು. ಆದರೂ ನಾನು ಜೀವ ಬಿಟ್ಟು ಮಾತಾಡಿದೆ. ಗೌಡರಾದೆ, ಗೌಡರ ಹೆಂಡತಿಯಾದೆ, ಅವರ ಮನೆಯ ಎತ್ತೂ ಆದೆ. ಕ್ಯಾಮೆರಾ ನಡುವೆಯೇ ನಿಂತುಹೋಯಿತು. ನಿರ್ದೇಶಕರೂ ಛಾಯಾಗ್ರಾಹಕನೂ ಹಿತ್ತಲಿಗೆ ಹೋದರು. ಆ ಮನೆಯ ಗೋಡೆ ಬೆಳಕನ್ನು ಒಳಗೆ ಬಿಡುತ್ತಿರಲಿಲ್ಲ, ಮಾತನ್ನು ಬಿಡುತ್ತಿತ್ತು.

"ಮಾತಾಡಿದ್ರೆ ಅವನ ಮುಖದ ಮೇಲೆ ಹತ್ತು ಜನ ಬರ್ತಾರೆ," ಎಂದ ಛಾಯಾಗ್ರಾಹಕ. "ಅವನೊಬ್ಬ ಬರಲ್ಲ. ನಾನು ಯಾರ ಮೇಲೆ ಫೋಕಸ್ ಇಡ್ಲಿ?"

"ಅಣಕಿಸ್ತಾನೆ ಅಂತಾನೇ ಅಲ್ವೇನಯ್ಯಾ ಅವನನ್ನ ಕರ್ಕೊಂಡ್ ಬಂದಿದ್ದು?"

"ಅದಕ್ಕೇ. ಅದನ್ನ ಕಿತ್ಕೊಂಡ್ರೆ ಏನು ಉಳಿಯತ್ತೆ ನೋಡೋಣ."

ಹೀಗೆ ನನ್ನ ಮಾತುಗಳಿಗೆ ಕತ್ತರಿ ಬೀಳತೊಡಗಿತು. ಮೊದಲು ಎತ್ತು ಹೋಯಿತು, ಆಮೇಲೆ ಗೌಡರು ಹೆಂಡತಿ ಸಮೇತ ಹೋದರು. ಎರಡನೆಯ ವಾರದ ಹೊತ್ತಿಗೆ ನಿರ್ದೇಶಕರು ಬಂದು, ತಾವೇ ತಪ್ಪು ಮಾಡಿದವರಂತೆ ಮುಖ ಮಾಡಿಕೊಂಡು, "ತಮ್ಮ ಮಾತೇ ಆಡಲ್ಲ ಅಂತ ಇಟ್ಕೊಂಡ್ರೆ ಹ್ಯಾಗೆ?" ಎಂದು ಕೇಳಿದರು. ಮಾತಾಡದ ಪಾತ್ರಕ್ಕೆ ಸಿಂದಗಿ ತಾಲೂಕಿನ ಬಾಯಿಬಡುಕನನ್ನು ಹುಡುಕಿ ತಂದ ಚಿತ್ರ ಇದೊಂದೇ ಇರಬೇಕು.

ಮನೆಯೊಡತಿಯನ್ನು ಎಲ್ಲರೂ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದರು. ಒಳಗೆ ಮರಾಠಿ, ಹೊರಗೆ ಕನ್ನಡ, ಸಿಟ್ಟು ಬಂದರೆ ಎರಡೂ. ಗಂಡ ಮುದ್ದೇಬಿಹಾಳದಲ್ಲಿ ಮೇಷ್ಟ್ರು. ಅವರ ಮೂರು ಬಿಳಿ ಧೋತರಗಳನ್ನು ಛಾಯಾಗ್ರಾಹಕ ಬಾಗಿಲ ಪಕ್ಕ ಕಟ್ಟಿಸಿದ್ದ, ಬಿದ್ದ ಬೆಳಕು ಒಂಚೂರು ನನ್ನ ಕೆನ್ನೆಗೆ ತಿರುಗಲಿ ಎಂದು. ಮೇಷ್ಟ್ರು ಉಳಿದ ಒಂದೇ ಧೋತರದಲ್ಲಿ ಶಾಲೆಗೆ ಹೋಗುತ್ತಿದ್ದರು. ಹೊಗೆ ಬೇಕೆಂದಾಗ ವೈನಿ ಒಲೆ ಹಚ್ಚಬೇಕು, ಬೇಡವೆಂದಾಗ ಆರಿಸಬೇಕು.

"ಅಗಬಾಯೀ! ನನ್ನ ಮನಿಯೊಳಗ ನಾ ಚಹಾ ಕಾಸ್ಬೇಕಂದ್ರ ಆ ಕಡ್ಡಿ ಪೈಲ್ವಾನನ ಅಪ್ಪಣೆ ಬೇಕೇನೋ?" ಎಂದು ಅವರು ನನ್ನೆದುರು ಕೂಗುತ್ತಿದ್ದರು.

"ನನ್ನ ಮೋತಿಮ್ಯಾಗ ನಾ ನಗ್ಬೇಕಂದ್ರೂ ಬೇಕ್ರಿ ವೈನಿ."

"ನಿಂದೇನ ಬಿಡು. ಪಿಚ್ಚರ್‌ದಾಗ ಮೂಕ, ಮನಿಯಾಗ ರಾಕ್ಷಸ. ಮಾಡು ನೋಡೂಣು, ನಮ್ಮ ಮನಿಯವ್ರು ಹ್ಯಾಂಗ ಹಜೇರಿ ತಗೋತಾರ?"

ಮಾಡುತ್ತಿದ್ದೆ. ಮೊದಮೊದಲು ಸಂಜೆಗಳು ಹಾಗೆ ಕಳೆದವು. ಇಡೀ ತಂಡವನ್ನು ಅಣಕಿಸಿದೆ. ನಿರ್ದೇಶಕರ "ಕಣಪ್ಪ"ವನ್ನು ಅವರಿಗಿಂತ ಚೆನ್ನಾಗಿ ಹೇಳುತ್ತಿದ್ದೆ. ಛಾಯಾಗ್ರಾಹಕನೊಬ್ಬ ಕೈಗೆ ಸಿಗಲಿಲ್ಲ. ಮಾತೇ ಆಡದವನನ್ನು ಎಲ್ಲಿಂದ ಹಿಡಿಯುವುದು? ಕೊರಳಲ್ಲಿ ಬೆಳಕು ಅಳೆಯುವ ಮೀಟರು, ತುಟಿಯಲ್ಲಿ ಆರಿದ ಬೀಡಿ, ಅಷ್ಟೇ.

ಮೂರನೆಯ ವಾರದಿಂದ ನನಗೇ ಗೊತ್ತಿಲ್ಲದಂತೆ ಅಣಕ ಕಡಿಮೆಯಾಯಿತು. ವೈನಿ ಕೇಳಿದರೂ ಗಂಟಲಿಗೆ ಯಾರೂ ಬರುತ್ತಿರಲಿಲ್ಲ. ಮಧ್ಯಾಹ್ನ ಬಿಸಿಲಿನ ತುಂಡು ಹೋದ ಮೇಲೆ ಆ ಕೋಣೆಯಲ್ಲಿ ಕೂತರೆ, ಗೋಡೆಗಳು ಒಂದು ಗೇಣು ಒಳಗೆ ಬಂದಂತೆ ಅನಿಸುತ್ತಿತ್ತು. ಜಗುಲಿಗೆ ಬಂದರೆ ಸಹಾಯಕನೊಬ್ಬ ಓಡಿಬಂದು, "ಬಿಸಿಲಿಗೆ ಕಪ್ಪಾಗ್ತೀರಿ, ಒಳಗೆ ಹೋಗಿ" ಎನ್ನುತ್ತಿದ್ದ. ಹೊಳೆ ಅಷ್ಟು ಹತ್ತಿರ, ಒಂದು ದಿನವೂ ಈಜಲಿಲ್ಲ. ಈಜಿದರೆ ಉಗುರಿನ ಮಣ್ಣು ಹೋಗುತ್ತದಲ್ಲ.

ಒಂದು ದಿನ ಛಾಯಾಗ್ರಾಹಕ ನನ್ನನ್ನು ಕರೆದು ಕ್ಯಾಮೆರಾದ ಹಿಂದೆ ನಿಲ್ಲಿಸಿದ. ನನ್ನ ಜಾಗದಲ್ಲಿ ವೈನಿಯನ್ನು ಕೂರಿಸಿದ. ಅವರು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ಕೂತರು.

"ನೋಡು," ಅಂದ.

ಕಣ್ಣಿಟ್ಟೆ. ಅವನು ಯಾವಾಗಲೂ ಕ್ಯಾಮೆರಾವನ್ನು ಎರಡು ಕೋಣೆಗಳಾಚೆ, ಕೂತವನ ಕಣ್ಣಿನ ಎತ್ತರಕ್ಕೆ, ತಗ್ಗಾಗಿ ಇಡುತ್ತಿದ್ದ. ಒಂದು ಮೊಳದುದ್ದದ ಲೆನ್ಸು. ದೂರದಲ್ಲಿಟ್ಟರೆ ನಾನು ಚಿಕ್ಕವನಾಗಿ ಕಾಣುತ್ತೇನೆ ಎಂದುಕೊಂಡಿದ್ದೆ. ಹಾಗಿರಲಿಲ್ಲ. ಆ ಲೆನ್ಸು ಎರಡು ಬಾಗಿಲುಗಳನ್ನೂ ಎಳೆದು ತಂದು ವೈನಿಯ ಎರಡು ಕಿವಿಗಳ ಪಕ್ಕ ನಿಲ್ಲಿಸಿತ್ತು. ನಾಲ್ಕು ಮಾರು ಹಿಂದಿದ್ದ ಗೋಡೆ ಅವರ ಬೆನ್ನಿಗೆ ಅಂಟಿಕೊಂಡಿತ್ತು. ಮೇಲೆ ಬಾಗಿಲ ತೊಲೆ, ಅದರಾಚೆ ಏನೂ ಇಲ್ಲ. ವೈನಿ ತಲೆಯ ಮೇಲೆ ಬಿದ್ದ ಬೆಳಕು ಅವರನ್ನು ನೆಲಕ್ಕೆ ಒತ್ತಿ ಹಿಡಿದಂತಿತ್ತು. ಬೆಳಿಗ್ಗೆ ತಾನೇ ನನ್ನನ್ನು ಬೈದು ರೊಟ್ಟಿ ಬಡಿದಿದ್ದ ಹೆಂಗಸು, ಅದರೊಳಗೆ ಹತ್ತು ವರ್ಷದಿಂದ ಹೊರಗೆ ಬರದವರ ಹಾಗೆ ಕಂಡರು. ಅವರು ಏನೂ ಮಾಡುತ್ತಿರಲಿಲ್ಲ, ಸುಮ್ಮನೆ ಸೆಕೆಗೆ ಬೇಸತ್ತಿದ್ದರು.

ತಿಂಗಳಿನಿಂದ ನಾನಿದ್ದ ಜಾಗ ಇದು.

"ನೀವೇ ಮಾಡಾಕತ್ತೀರಿ ಇದನ್ನ," ಅಂದೆ. "ಆ ಕೋಣಿ ಅಷ್ಟು ಸಣ್ಣದಿಲ್ಲ."

"ಈಗ ಇದೆ," ಅಂದ.

ಹಿಂದೆ ನಿಂತು ಇದನ್ನೆಲ್ಲ ಕೇಳುತ್ತಿದ್ದ ನಿರ್ದೇಶಕರು ನಿಟ್ಟುಸಿರು ಬಿಟ್ಟರು. ಅವರೂ ಸಿಕ್ಕಿಬಿದ್ದಿದ್ದರು, ಪಾಪ. ತೆಗೆದ ರೀಲುಗಳು ಮದ್ರಾಸಿಗೆ ಹೋಗುತ್ತಿದ್ದವು, ಏನು ಬಂದಿದೆ ಎಂದು ಅವರಾರೂ ಕಣ್ಣಾರೆ ನೋಡಿರಲಿಲ್ಲ. ಅವರಿಗೆ ಚಿತ್ರದ ಅಣ್ಣನ ಸಿಟ್ಟಿನ ಮುಖ ಬೇಕು. ಕ್ಯಾಮೆರಾ ತಗ್ಗಿನಲ್ಲಿರುವುದರಿಂದ ಬಾಗಿಲಲ್ಲಿ ನಿಂತ ಅಣ್ಣನ ತಲೆ ತೊಲೆಯ ಮೇಲೆ ಹೋಗಿ, ಕಾಣುವುದು ಧೋತರ ಮತ್ತು ಎರಡು ಪಾದ. ಅಣ್ಣನ ಪಾತ್ರ ಮಾಡಲು ಬೆಂಗಳೂರಿನಿಂದ ಬಂದಿದ್ದ ಹಿರಿಯ ನಟರು, "ನನ್ನ ಕಾಲಿಗೂ ಬಣ್ಣ ಹಚ್ರಪ್ಪಾ, ನಟಿಸೋದು ಅದೇ ತಾನೆ" ಎಂದು ಗೊಣಗಿ ಹೋದರು. ನಿರ್ದೇಶಕರು ತಮ್ಮ ಹಳೆಯ ಚಿತ್ರಗಳಲ್ಲಿ ತೋರಿಸುತ್ತಿದ್ದ ಒಂದೊಂದನ್ನೂ ಈತ ಕಿತ್ತುಕೊಳ್ಳುತ್ತಾ ಬಂದ. ಅವರು ದಿನಾ ಜಗಳವಾಡಿ, ದಿನಾ ಸೋತು, ದಿನಾ ಸಂಜೆ ಅವನ ತಟ್ಟೆಗೆ ತಾವೇ ಅನ್ನ ಬಡಿಸುತ್ತಿದ್ದರು.

ನಮ್ಮಣ್ಣ ತಂದ ಕಾಗದ ಅಂಗಿಯ ಜೇಬಿನಲ್ಲಿತ್ತು. ಆ ವಾರ ಕಳೆದಾಗ ಉಳಿದದ್ದು ಒಂದೇ ದೃಶ್ಯ. ತಮ್ಮ ಬಿಸಿಲಿನ ತುಂಡಿನಲ್ಲಿ ಕೂತಿರುತ್ತಾನೆ. ಬಿಸಿಲು ನಿಧಾನವಾಗಿ ಅವನ ಮುಖ ಬಿಟ್ಟು ಹೆಗಲಿಗೆ, ಹೆಗಲು ಬಿಟ್ಟು ನೆಲಕ್ಕೆ ಜಾರುತ್ತದೆ. ನಾಲ್ಕು ನಿಮಿಷ, ಒಂದೇ ಏಟಿಗೆ, ನಡುವೆ ತುಂಡು ಮಾಡುವಂತಿಲ್ಲ. ಅದಾದ ಮೇಲೆ ಅವನು ಹೊರಗೆ ಹೋಗುತ್ತಾನೋ ಇಲ್ಲವೋ ಎಂಬುದು ಇನ್ನೂ ಇಬ್ಬರ ಜಗಳದಲ್ಲೇ ಇತ್ತು. ಹೋಗಬೇಕು ಎಂದು ನಿರ್ದೇಶಕರು. ಇವನ ಮುಖದಲ್ಲಿ ಹೋಗುವವನ ಕಳೆ ಬರಲಿ ಆಮೇಲೆ ನೋಡೋಣ ಎಂದು ಅವನು.

ಸೋಮವಾರ ಮೃಗಶಿರದ ಮೋಡ ಕವಿದು ಬೆಳಕಿಂಡಿಯಿಂದ ಬೂದಿ ಬಣ್ಣವಷ್ಟೇ ಇಳಿಯಿತು. ಮಂಗಳವಾರ ಬಿಸಿಲು ಚೆನ್ನಾಗಿತ್ತು. ಎರಡನೆಯ ನಿಮಿಷದಲ್ಲಿ ಗುಬ್ಬಿಯೊಂದು ಬೆಳಕಿಂಡಿಯಿಂದ ಇಳಿದು ನೇರ ನನ್ನ ಮಂಡಿಯ ಪಕ್ಕ ಕೂತಿತು. ನಿರ್ದೇಶಕರಿಗೆ ಆನಂದಬಾಷ್ಪ. ಕ್ಯಾಮೆರಾ ನಿಂತಿತು.

"ಯಾಕಯ್ಯಾ ನಿಲ್ಲಿಸ್ದೆ? ದೇವರೇ ಕಳಿಸಿದ ಗುಬ್ಬಿ!"

"ಗುಬ್ಬಿ ಬಂದ್ರೆ ಕವಿತೆ ಆಗತ್ತೆ. ಬೇಡ."

ಬುಧವಾರ ಮೂರು ನಿಮಿಷ ಎಲ್ಲವೂ ಸರಿ ಇತ್ತು. ಆಗ ನಾಲ್ಕು ಹನಿ ಬಿದ್ದವು. ಆ ಊರಿನಲ್ಲಿ ಒಂದು ವಾಡಿಕೆ. ಮನೆಗಳ ಮಾಳಿಗೆಗಳು ಒಂದಕ್ಕೊಂದು ತಾಗಿಕೊಂಡಿವೆ. ಹನಿ ಬಿದ್ದ ಕೂಡಲೇ ಮೇಲೆ ಯಾರಿದ್ದರೂ ತಮ್ಮದರ ಜೊತೆಗೆ ಸುತ್ತಲಿನ ಮನೆಗಳ ಬೆಳಕಿಂಡಿಗೂ ತಗಡು ಎಳೆದು ಬರಬೇಕು. ಪಕ್ಕದ ಮನೆಯ ಮುದುಕ ಮೆಣಸಿನಕಾಯಿ ಬಾಚಲು ಹೋದವನು, ನೆರೆಹೊರೆಯ ಧರ್ಮ ಎಂದು ನಮ್ಮದಕ್ಕೂ ತಗಡು ಎಳೆದ. ಪಟ್ಟನೆ ಕತ್ತಲು. ಕತ್ತಲಲ್ಲಿ ಕ್ಯಾಮೆರಾ ಮಾತ್ರ ಟರ್ರ್ ಎನ್ನುತ್ತಿತ್ತು. ಮೇಲಿನಿಂದ ಧ್ವನಿ ಬಂತು: "ಮುಚ್ಚೀನ್ರೀ ವೈನೀ, ಚಿಂತಿ ಮಾಡಬ್ಯಾಡ್ರಿ!"

ನಿರ್ದೇಶಕರು ನನ್ನ ಮುಖ ನೋಡಲಿಲ್ಲ. "ನಾಳೆ ಹನ್ನೆರಡೂ ಕಾಲರೊಳಗೆ ಮುಗೀತದೆ," ಎಂದು ಗೋಡೆಗೆ ಹೇಳಿದರು. ನನ್ನ ಬಸ್ಸು ಹನ್ನೆರಡೂ ಇಪ್ಪತ್ತಕ್ಕೆ. ಅದು ತಪ್ಪಿದರೆ ಶುಕ್ರವಾರ ಹತ್ತಕ್ಕೆ ಧಾರವಾಡ ಮುಟ್ಟುವ ದಾರಿಯಿಲ್ಲ. ಹೊತ್ತಿಗೆ ಮುಂಚೆ ಎದ್ದು ಹೋಗೋಣವೆಂದರೆ, ಐದು ವಾರದಲ್ಲಿ ಇಡೀ ತಂಡ ಹೊಟ್ಟೆ ಕಟ್ಟಿ ಮಾಡಿದ್ದೆಲ್ಲ ನನ್ನ ಒಂದು ಗಡ್ಡದ ಮೇಲೆ ನಿಂತಿತ್ತು. ನಾನು ಪೋಕರಿ ಇರಬಹುದು, ಅಷ್ಟು ಪೋಕರಿಯಲ್ಲ.

ಗುರುವಾರ ಹನ್ನೊಂದೂವರೆಗೆ ಮೋಡ. ಹನ್ನೆರಡಕ್ಕೂ ಮೋಡ. ವೈನಿ ನನ್ನ ಕೈಚೀಲದಲ್ಲಿ ರೊಟ್ಟಿ ಶೇಂಗಾ ಹಿಂಡಿ ಕಟ್ಟಿಟ್ಟು ತಲೆಬಾಗಿಲಲ್ಲಿ ನಿಂತಿದ್ದರು. ಹನ್ನೆರಡೂ ಹತ್ತಕ್ಕೆ ಒಮ್ಮೆಲೇ ಬಿಸಿಲು ಸುರಿಯಿತು. ನಾನು ಕೂತೆ. ಕ್ಯಾಮೆರಾ ದೂರವಿದ್ದದ್ದರಿಂದ ನಿರ್ದೇಶಕರು ನನ್ನ ಪಕ್ಕದ ಕಾಳಿನ ಕಣಜದ ಮರೆಯಲ್ಲಿ, ಚಿತ್ರದಲ್ಲಿ ಕಾಣದಂತೆ, ಕುಕ್ಕರುಗಾಲಲ್ಲಿ ಕೂತಿದ್ದರು. "ಕಟ್" ಎನ್ನುವುದು ಅವರ ಕೆಲಸ, ಎರಡು ಕೋಣೆಯಾಚೆ ಕೇಳಿ ನಿಲ್ಲಿಸುವುದು ಅವನ ಕೆಲಸ. ಅವನು ಬೆಳಕು ಅಳೆದ. ಮತ್ತೆ ಅಳೆದ. ಧೋತರ ಅರ್ಧ ಮೊಳ ಸರಿಸಿದ. ಹನ್ನೆರಡೂ ಹದಿನೇಳಕ್ಕೆ ಕ್ಯಾಮೆರಾ ಶು­ರುವಾಯಿತು.

ಬಿಸಿಲು ನನ್ನ ಹಣೆಯ ಮೇಲಿತ್ತು. ಮೊದಲ ನಿಮಿಷ ಹೋಯಿತು. ಹೊಳೆ ಕಡೆಯಿಂದ ಬಸ್ಸಿನ ಹಾರ್ನು ಕೇಳಿಸಿತು. ಬಸ್ಸು ಗುಡಿಯ ಮುಂದೆ ತಿರುಗಿ ನಿಲ್ಲುವ ಸದ್ದು, ಬಾಗಿಲು ಬಡಿಯುವ ಸದ್ದು, ಕಂಡಕ್ಟರನ ಕೂಗು. ಹೆಂಗಸರ ದಂಡೊಂದು ಹತ್ತುತ್ತಿರಬೇಕು. ಬಿಸಿಲು ಹುಬ್ಬಿಗೆ ಬಂತು. ಬಸ್ಸು ಎಂಜಿನ್ ಚಾಲೂ ಮಾಡಿತು. ನನ್ನ ಮುಖದಲ್ಲಿ ಏನು ನಡೆಯುತ್ತಿತ್ತೋ ನನಗೆ ತಿಳಿಯದು, ಅದನ್ನು ಹಿಡಿದುಕೊಳ್ಳಲು ಗಂಟಲಲ್ಲಿ ಯಾರೂ ಇರಲಿಲ್ಲ, ಗೌಡರೂ ಇಲ್ಲ, ಕಂಡಕ್ಟರನೂ ಇಲ್ಲ. ಬಸ್ಸು ಹೊರಡುವ ಹಾರ್ನು ಹೊಡೆಯಿತು.

ಆಗ ನನ್ನ ಬಾಯಿ ತೆರೆಯಿತು. ಅದರಿಂದ ನಿರ್ದೇಶಕರು ಹೊರಬಂದರು.

"ಕಟ್!"

ಮಾಳಿಗೆಯ ಮಣ್ಣು ಉದುರುವಂತಹ ಗಂಟಲು. ಮರೆಯಲ್ಲಿದ್ದ ನಿರ್ದೇಶಕರು ಬೆಚ್ಚಿಬಿದ್ದು ತಮ್ಮ ಬಾಯನ್ನು ತಾವೇ ಮುಟ್ಟಿ ನೋಡಿಕೊಂಡರು, ತೆರೆದಿದೆಯೋ ಮುಚ್ಚಿದೆಯೋ ಎಂದು. ನಾನು ಎದ್ದೆ. ಐದು ವಾರ ಕೂತ ಕಾಲು, ಒಮ್ಮೆ ತಡವರಿಸಿ ಗೋಡೆ ಹಿಡಿದೆ. ಬಾಗಿಲ ತೊಲೆಗೆ ತಲೆ ಬಡಿಯದಂತೆ ಬಾಗಿ ಮೊದಲ ಬಾಗಿಲು ದಾಟಿದೆ, ಎರಡನೆಯದು ದಾಟಿದೆ. ಕ್ಯಾಮೆರಾದ ಪಕ್ಕ ಬಂದಾಗಲೇ ಆ ಟರ್ರ್ ಇನ್ನೂ ನಿಂತಿಲ್ಲವೆಂದು ಗೊತ್ತಾದದ್ದು. ಛಾಯಾಗ್ರಾಹಕನ ಕಣ್ಣು ಅದಕ್ಕೆ ಅಂಟಿಕೊಂಡೇ ಇತ್ತು. ಎಡಗೈಯನ್ನು ಮಾತ್ರ ಬೀಸಿದ, ನೊಣ ಅಟ್ಟುವವನಂತೆ: ಹೋಗು, ಹೋಗು.

"ಓಡೋ ಭಾಡ್ಯಾ, ಬಸ್ಸು ಹೊಂಟತಿ!" ಎಂದು ವೈನಿ ಚೀಲವನ್ನು ನನ್ನ ಎದೆಗೆ ಎಸೆದರು.

ಆ ದೃಶ್ಯ ಚಿತ್ರದಲ್ಲಿ ಈಗ ಹಾಗೆಯೇ ಇದೆ. ಮುಂದಿನ ಬೇಸಿಗೆಯಲ್ಲಿ ಬಿಜಾಪುರದಲ್ಲಿ ಒಂದೇ ಒಂದು ಬೆಳಗಿನ ಆಟ ಆಡಿದಾಗ ನೋಡಿದೆ. ಇಡೀ ಚಿತ್ರದಲ್ಲಿ ತುಟಿ ಬಿಚ್ಚದ ತಮ್ಮ ಕೊನೆಗೆ ಬಾಯಿ ತೆರೆದು ಏನನ್ನೋ ಕೂಗುತ್ತಾನೆ. ಅದಕ್ಕೆ ಅವರು ಯಾವ ಸದ್ದನ್ನೂ ಹಾಕಿಲ್ಲ. ಕೂಗಿ, ಎದ್ದು, ತಡವರಿಸಿ, ಆ ಇಕ್ಕಟ್ಟಿನ ಬಾಗಿಲುಗಳನ್ನು ದಾಟಿ ನಮ್ಮ ಕಡೆಗೇ ಬಂದು ಮರೆಯಾಗುತ್ತಾನೆ. ಹಿಂದೆ ಬರಿದಾದ ಕೋಣೆ, ನೆಲದ ಮೇಲೆ ಬಿಸಿಲು. ಆಟ ಮುಗಿದ ಮೇಲೆ ಕನ್ನಡಕದ ಒಬ್ಬರು ನಿರ್ದೇಶಕರ ಕೈ ಹಿಡಿದು, ಆ ನಿಶ್ಶಬ್ದ ಕೂಗು ಹೇಗೆ ಹೊಳೆಯಿತು ಎಂದು ಕೇಳಿದರು. ನಿರ್ದೇಶಕರು ನನ್ನತ್ತ ಒಮ್ಮೆ ನೋಡಿ, "ಬಹಳ ಯೋಚನೆ ಮಾಡಿದ್ವಿ" ಎಂದರು. ಹಳೆಯ ಎರಡು ಚಿತ್ರ ತೆಗೆದವರು, ಈ ಚಿತ್ರ ತೆಗೆದವರು ಒಬ್ಬರೇ ಎಂದು ಯಾರಾದರೂ ನಂಬುತ್ತಾರೆಯೇ? ನಡುವೆ ಬದಲಾದದ್ದು ಬೀಡಿ ಕಚ್ಚಿದ ಒಬ್ಬ ಮನುಷ್ಯ, ಅಷ್ಟೇ.

ಅವನನ್ನು ಪಕ್ಕಕ್ಕೆ ಕರೆದು, ಅವತ್ತು ಯಾಕೆ ನಿಲ್ಲಿಸಲಿಲ್ಲ ಎಂದು ಕೇಳಿದೆ.

"ಅವ್ರು ಕಟ್ ಅನ್ನೋಕೆ ಮುಂಚೆ ಗಂಟಲು ಸರಿ ಮಾಡ್ಕೋತಾರೆ," ಅಂದ. "ನೀನು ಮಾಡ್ಲಿಲ್ಲ."

ಇಷ್ಟು ವರ್ಷದಲ್ಲಿ ನನ್ನ ಕಸುಬಿನಲ್ಲಿ ತಪ್ಪು ಹಿಡಿದವನು ಅವನೊಬ್ಬ. ಅದಕ್ಕಾಗಿ ಅವನನ್ನು ಇವತ್ತಿಗೂ ಕ್ಷಮಿಸಿಲ್ಲ.

ಆದರೆ ಆ ಗುರುವಾರ ಇದೊಂದೂ ನನ್ನ ತಲೆಯಲ್ಲಿರಲಿಲ್ಲ. ಬರಿಗಾಲಲ್ಲಿ ಓಡಿ, ಹೊರಟಿದ್ದ ಬಸ್ಸಿನ ಹಿಂದಿನ ಏಣಿ ಹಿಡಿದು ನೇತಾಡಿದೆ. ಕಂಡಕ್ಟರ್ ಒಳಗೆ ಎಳೆದುಕೊಂಡು ಬೈದ ಬೈಗುಳವನ್ನು ಮುದ್ದೇಬಿಹಾಳದವರೆಗೂ ಸುಮ್ಮನೆ ಕೇಳಿದೆ, ತಿರುಗಿಸಿ ಅವನದೇ ಧ್ವನಿಯಲ್ಲಿ ಕೊಡಲಿಲ್ಲ. ಒಂದು ಸಲ ತೆರೆದ ಬಾಯಿಗೆ ಇನ್ನೂ ಗಾಳಿ ಸಾಲದಂತಿತ್ತು. ಕಿಟಕಿಯಾಚೆ ಎರೆಹೊಲ ಕಣ್ಣು ಹೋಗುವಷ್ಟು ದೂರ ಬಿದ್ದುಕೊಂಡಿತ್ತು, ಅದಕ್ಕೆ ನಾಲ್ಕೂ ಕಡೆ ಬಾಗಿಲ ತೊಲೆ ಕಾಣದೆ ನನಗೆ ಗಾಬರಿಯಾಗುತ್ತಿತ್ತು.

ಶುಕ್ರವಾರ ಹತ್ತಕ್ಕೆ ಧಾರವಾಡದಲ್ಲಿ ನನ್ನನ್ನು ಒಂದು ಕೋಣೆಯೊಳಗೆ ಬಿಟ್ಟು ಬಾಗಿಲು ಹಾಕಿದರು. ಕಿಟಕಿಯಿಲ್ಲ. ಬೆಳಕಿಂಡಿ ಕೂಡ ಇಲ್ಲ. ಗೋಡೆಗಳಿಗೆಲ್ಲ ಸದ್ದು ನುಂಗುವ ಮೆತ್ತೆ. ಎದ್ದು ಓಡಿಬಿಡೋಣ ಅನಿಸಿತು. ಎದುರಿನ ಗಾಜಿನ ಹಿಂದೆ ಮೂವರು ಕೂತಿದ್ದರು. ಅವರಲ್ಲೊಬ್ಬರ ದನಿ ಡಬ್ಬಿಯೊಳಗಿಂದ ಬಂದಂತೆ ಬಂತು.

"ಎಷ್ಟು ಧ್ವನಿ ಮಾಡ್ತೀರಿ?"

"ಎಷ್ಟು ಬೇಕ್ರಿ?"

ಹದಿನಾಲ್ಕು ಮಾಡಿದೆ. ಅವರು ಬರೆದುಕೊಂಡರು. ಆಮೇಲೆ ಒಂದು ಹಾಳೆ ಕಳಿಸಿದರು, ಬೀಜಕ್ಕೆ ಔಷಧಿ ಲೇಪಿಸುವ ವಿಧಾನದ ಬಗ್ಗೆ. "ಇದನ್ನು ನಿಮ್ಮ ಸ್ವಂತ ಧ್ವನಿಯಲ್ಲಿ ಓದಿ."

ಹಾಳೆಯನ್ನು ಮೈಕಿನೆದುರು ಎತ್ತಿ ಹಿಡಿದೆ. ಓದಿದೆ. ನಡುವೆ ಎಲ್ಲಿಯೂ ಯಾರೂ ಬರಲಿಲ್ಲ. ಸ್ವಲ್ಪ ಒಡಕು, ಸ್ವಲ್ಪ ತಗ್ಗು, ನಮ್ಮಣ್ಣನ ಧ್ವನಿಯ ಛಾಯೆಯ ಒಂದು ಧ್ವನಿ ಪುಟದ ಕೊನೆಯವರೆಗೂ ಹೋಯಿತು. ಗಾಜಿನಾಚೆ ಅವರು ತಲೆ ಹತ್ತಿರ ತಂದು ಏನೋ ಮಾತಾಡಿಕೊಂಡರು, ನನಗೆ ಕೇಳಿಸಲಿಲ್ಲ.

"ಆ ಹದಿನಾಲ್ಕು ಬೇಡ," ಎಂದಿತು ಡಬ್ಬಿ. "ಇದು ಸಾಕು. ಮುಂದಿನ ತಿಂಗಳಿಂದ ರೈತರ ಕಾರ್ಯಕ್ರಮಕ್ಕೆ ಬರ್ತೀರೇನು, ವಾರಕ್ಕೆ ಎರಡು ದಿನ?"

"ಬರ್ತೇನ್ರಿ," ಅಂದೆ. "ಆದ್ರ ಈಗೊಮ್ಮೆ ಬಾಗಲಾ ತಗೀರಿ."